ಪ್ರತಿಮೆ ಯಾರದ್ದು ಅಂತಷ್ಟೇ ಅಲ್ಲ, ಯಾವಾಗ ನಿಲ್ಲಿಸಿದ್ದು ಅಂತಲೂ ಕೇಳಿ

ಅಟ್ಲಾಂಟಾದಲ್ಲಿ ಕೆಲಸ ಮಾಡುವ ಅಣ್ಣನೋ, ಅತ್ತಿಗೆಯೋ, ಕಾಲೇಜಿನ ಗೆಳೆಯನೋ ನಿಮಗಿದ್ದರೆ ಅವರ ಫೋಟೋಗಳಲ್ಲಿ ಒಂದು ಬೋಳು ಬಂಡೆಗುಡ್ಡ ನೋಡಿರಬಹುದು. ಅದೇ ಸ್ಟೋನ್ ಮೌಂಟನ್. ಊರಿಂದ ಅಪ್ಪ-ಅಮ್ಮ ಬಂದಾಗ ವೀಕೆಂಡ್‌ಗೆ ಕರೆದುಕೊಂಡು ಹೋಗೋಕೆ ಹೇಳಿ ಮಾಡಿಸಿದ ಜಾಗ. ಹತ್ತೋಕೆ ದಾರಿ ಇದೆ, ಕಾಲು ನೋವಿನವರಿಗೆ ಕೇಬಲ್ ಕಾರ್ ಇದೆ, ಹುಲ್ಲಿನ ಮೇಲೆ ಕೂತು ನೋಡೋಕೆ ಲೇಸರ್ ಶೋ ಇದೆ.

ಆ ಬಂಡೆಯ ಮೈಮೇಲೆ ಕುದುರೆ ಏರಿದ ಮೂವರನ್ನು ಕೆತ್ತಿದ್ದಾರೆ. ಎತ್ತರ ಸುಮಾರು 90 ಅಡಿ, ಅಗಲ 190 ಅಡಿ. ಯಾರೋ ಹಳೇ ಕಾಲದ ರಾಜರಿರಬೇಕು ಅಂದುಕೊಂಡರೆ ತಪ್ಪಾಗುತ್ತೆ. ಒಬ್ಬರು ಜೆಫರ್ಸನ್ ಡೇವಿಸ್, ಇನ್ನಿಬ್ಬರು ರಾಬರ್ಟ್ ಇ. ಲೀ ಮತ್ತು 'ಸ್ಟೋನ್‌ವಾಲ್' ಜಾಕ್ಸನ್. ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಸಿಡಿದು ಹೋದ ದಕ್ಷಿಣದ ರಾಜ್ಯಗಳ ಕೂಟ 'ಕಾನ್‌ಫೆಡರಸಿ'ಯ ಅಧ್ಯಕ್ಷ ಮತ್ತು ಇಬ್ಬರು ಸೇನಾಪತಿಗಳು.

ಇಂಥ ನೂರಾರು ಸ್ಮಾರಕಗಳು ಅಮೆರಿಕದಲ್ಲಿವೆ. ಅವು ಇರಬೇಕಾ, ಹೋಗಬೇಕಾ ಅನ್ನೋ ಜಗಳ ಹತ್ತು ವರ್ಷದಿಂದ ಜೋರಾಗಿದೆ. 'ಇತಿಹಾಸ ಅಳಿಸಬೇಡಿ' ಅಂತ ಒಂದು ಗುಂಪು, 'ಇದು ನಮಗೆ ಮಾಡುವ ಅವಮಾನ' ಅಂತ ಇನ್ನೊಂದು ಗುಂಪು. ದೂರದಿಂದ ನೋಡೋರಿಗೆ ಎರಡೂ ಸರಿ ಅನ್ನಿಸಬಹುದು. ಆದರೆ ಪೀಠದ ಮೇಲಿನ ಇಸವಿ ಓದಿದರೆ ಈ ಜಗಳದ ಗಂಟು ಅರ್ಧ ಬಿಚ್ಚಿಕೊಳ್ಳುತ್ತೆ.

ಯುದ್ಧ ಯಾಕಾಯ್ತು?

1860ರ ಕೊನೆಗೆ ಅಬ್ರಹಾಂ ಲಿಂಕನ್ ಅಧ್ಯಕ್ಷರ ಚುನಾವಣೆ ಗೆದ್ದರು. ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹರಡಬಾರದು ಅನ್ನೋದು ಅವರ ಪಕ್ಷದ ನಿಲುವು. ಆಗ ದೇಶದಲ್ಲಿ ಗುಲಾಮರಾಗಿದ್ದವರು ಸುಮಾರು 40 ಲಕ್ಷ ಜನ. ಮೊದಲು ದಕ್ಷಿಣ ಕೆರೊಲಿನಾ, ಆಮೇಲೆ ಒಂದರ ಹಿಂದೆ ಒಂದರಂತೆ ಒಟ್ಟು 11 ರಾಜ್ಯಗಳು ಬೇರೆಯಾದವು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತವರು ಆರು ಲಕ್ಷಕ್ಕೂ ಹೆಚ್ಚು.

ಯುದ್ಧ ನಡೆದದ್ದು ಗುಲಾಮಗಿರಿಗಲ್ಲ, ರಾಜ್ಯಗಳ ಹಕ್ಕಿಗೆ ಅನ್ನೋ ವಾದ ಇವತ್ತಿಗೂ ಕೇಳಿಸುತ್ತೆ. ಆದರೆ ಬೇರೆಯಾದವರೇ ಆಗ ಏನಂದಿದ್ದರು ನೋಡಿ. ಗುಲಾಮಗಿರಿ ಜತೆಗೇ ನಮ್ಮ ಬದುಕು ಅಂತ ಮಿಸಿಸಿಪ್ಪಿ ತನ್ನ ಘೋಷಣೆಯಲ್ಲೇ ಬರೆದುಕೊಂಡಿತು. ಕಾನ್‌ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಸವಾನಾ ನಗರದಲ್ಲಿ ಭಾಷಣ ಮಾಡುತ್ತಾ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಅನ್ನೋದೇ ನಮ್ಮ ಸರ್ಕಾರದ ಅಡಿಗಲ್ಲು ಅಂದರು. ಅವರು ಮುಚ್ಚುಮರೆ ಮಾಡಿರಲಿಲ್ಲ.

ಇಸವಿ ಏನು ಹೇಳುತ್ತೆ?

ಯುದ್ಧ ಮುಗಿದ ಹೊಸದರಲ್ಲಿ ದಕ್ಷಿಣದವರು ಕಟ್ಟಿದ ಸ್ಮಾರಕಗಳು ಹೆಚ್ಚಾಗಿ ಸ್ಮಶಾನಗಳಲ್ಲಿದ್ದವು. ಮಗನ ಹೆಣವೂ ಮನೆಗೆ ಬಾರದ ತಾಯಂದಿರಿಗೆ ಹೂವಿಡೋಕೆ ಒಂದು ಕಲ್ಲು ಬೇಕಿತ್ತು. ಅದನ್ನು ಯಾರೂ ಬೇಡ ಅನ್ನಲಾರರು.

ಸೇನಾಪತಿ ಲೀ ಅವರಿಗೇ ಸ್ಮಾರಕಗಳ ಬಗ್ಗೆ ಒಲವಿರಲಿಲ್ಲ. ಗೆಟಿಸ್ಬರ್ಗ್ ರಣರಂಗದಲ್ಲಿ ಕಲ್ಲು ನೆಟ್ಟು ಗುರುತು ಮಾಡೋಣ ಬನ್ನಿ ಅಂತ 1869ರಲ್ಲಿ ಕರೆ ಬಂದಾಗ, ಯುದ್ಧದ ಗಾಯ ಕೆದಕದಿರುವುದೇ ಒಳ್ಳೆಯದು ಅಂತ ಬರೆದು ನಿರಾಕರಿಸಿದರು. ಮರುವರ್ಷ ತೀರಿಕೊಂಡರು.

ಊರ ನಡುವೆ, ಕೋರ್ಟ್ ಮುಂದೆ, ವಿಧಾನಸೌಧಗಳ ಅಂಗಳದಲ್ಲಿ ಪ್ರತಿಮೆಗಳು ಸಾಲುಗಟ್ಟಿ ಎದ್ದದ್ದು ಹೆಚ್ಚಾಗಿ 1890ರ ನಂತರ. ದಕ್ಷಿಣದ ರಾಜ್ಯಗಳು ಕಪ್ಪು ಜನರ ಮತದಾನದ ಹಕ್ಕು ಕಿತ್ತುಕೊಂಡು, ರೈಲಿನಲ್ಲಿ ಬೇರೆ ಬೋಗಿ, ಶಾಲೆಯಲ್ಲಿ ಬೇರೆ ಕಟ್ಟಡ ಅಂತ ಕಾನೂನು ಮಾಡುತ್ತಿದ್ದ ಕಾಲ ಅದು. ನ್ಯಾಯ ಕೇಳಿಕೊಂಡು ಕೋರ್ಟಿಗೆ ಬರುವ ಕಪ್ಪು ಮನುಷ್ಯ ಆ ಪ್ರತಿಮೆ ದಾಟಿಯೇ ಒಳಗೆ ಹೋಗಬೇಕಿತ್ತು.

ಉತ್ತರ ಕೆರೊಲಿನಾದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದಲ್ಲಿ 'ಸೈಲೆಂಟ್ ಸ್ಯಾಮ್' ಅನ್ನೋ ಸಿಪಾಯಿ ಪ್ರತಿಮೆ ಇತ್ತು. ಸೊಂಟದಲ್ಲಿ ಗುಂಡಿನ ಚೀಲ ಇಲ್ಲ, ಗುಂಡು ಹಾರಿಸಲಾರ, ಅದಕ್ಕೇ ಆ ಹೆಸರು. ಯುದ್ಧಕ್ಕೆ ಹೋಗಿ ಸತ್ತ ವಿದ್ಯಾರ್ಥಿಗಳ ನೆನಪಿಗೆ ಅಂತ 1913ರಲ್ಲಿ ನಿಲ್ಲಿಸಿದ್ದು. ಕೇಳೋಕೆ ಏನೂ ತಪ್ಪಿಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಅನಾವರಣದ ದಿನ ಭಾಷಣ ಮಾಡಿದ ಉದ್ಯಮಿ ಜೂಲಿಯನ್ ಕಾರ್, ಯುದ್ಧದಿಂದ ಮರಳಿದ ಹೊಸದರಲ್ಲಿ ಇಲ್ಲೇ ಹತ್ತಿರದಲ್ಲಿ ಒಬ್ಬ ಕಪ್ಪು ಹೆಂಗಸನ್ನು ಚಾಟಿಯಿಂದ ಹೊಡೆದಿದ್ದೆ ಅಂತ ಹೆಮ್ಮೆಯಿಂದ ಹೇಳಿಕೊಂಡರು. ಆ ಭಾಷಣದ ಪ್ರತಿ ದಾಖಲೆಗಳಲ್ಲಿ ಉಳಿದುಕೊಂಡಿತ್ತು. 2018ರ ಆಗಸ್ಟ್‌ನಲ್ಲಿ ಪ್ರತಿಭಟನಕಾರರು ಪ್ರತಿಮೆಯನ್ನು ಉರುಳಿಸಿದರು.

ಸ್ಟೋನ್ ಮೌಂಟನ್ ಕಥೆಯೂ ಹೀಗೇ. 1915ರಲ್ಲಿ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಮರುಹುಟ್ಟು ಪಡೆದದ್ದು ಅದೇ ಗುಡ್ಡದ ಮೇಲೆ. 1920ರ ದಶಕದಲ್ಲಿ ಶುರುವಾದ ಕೆತ್ತನೆ ಅರ್ಧಕ್ಕೇ ನಿಂತಿತ್ತು. ಜಾರ್ಜಿಯಾ ಸರ್ಕಾರ 1958ರಲ್ಲಿ ಗುಡ್ಡ ಕೊಂಡುಕೊಂಡು ಕೆಲಸ ಮುಂದುವರಿಸಿತು. ಕಪ್ಪು-ಬಿಳಿ ಮಕ್ಕಳು ಒಂದೇ ಶಾಲೆಯಲ್ಲಿ ಕಲಿಯಬೇಕು ಅಂತ ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿಯಾಗಿತ್ತು, ದಕ್ಷಿಣದ ರಾಜಕಾರಣಿಗಳು ಕೊತಕೊತ ಕುದಿಯುತ್ತಿದ್ದರು. ಕೆತ್ತನೆ ಪೂರ್ತಿ ಮುಗಿದದ್ದು 1972ರಲ್ಲಿ, ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮೇಲೆ.

ಇಳಿಯದ ಬಾವುಟ

ಕೆಂಪು ಬಟ್ಟೆ, ಮೇಲೆ ನೀಲಿ ಕತ್ತರಿಪಟ್ಟಿ, ಅದರೊಳಗೆ 13 ನಕ್ಷತ್ರ. ಪಿಕಪ್ ಟ್ರಕ್‌ಗಳ ಹಿಂದೆ, ಟೀ ಶರ್ಟ್ ಮೇಲೆ ಕಾಣುವ ಈ ಬಾವುಟ ಮೂಲದಲ್ಲಿ ಲೀ ಸೇನೆಯ ರಣಧ್ವಜ. ದಕ್ಷಿಣ ಕೆರೊಲಿನಾ ಇದನ್ನು ತನ್ನ ಶಾಸನಸಭೆಯ ಗುಮ್ಮಟದ ಮೇಲೆ ಹಾರಿಸಿದ್ದು ಯುದ್ಧ ಶುರುವಾಗಿ ನೂರು ವರ್ಷವಾದ 1961ರಲ್ಲಿ. 2000ರಲ್ಲಿ ಗುಮ್ಮಟದಿಂದ ಇಳಿಸಿ ಅಂಗಳದಲ್ಲಿ ನೆಟ್ಟರು.

2015ರ ಜೂನ್ 17ರಂದು ಚಾರ್ಲ್‌ಸ್ಟನ್ ನಗರದ ಚರ್ಚ್ ಒಂದರಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ಈ ಬಾವುಟ ಹಿಡಿದು ಅವನು ತೆಗೆಸಿಕೊಂಡ ಫೋಟೋಗಳು ಆಮೇಲೆ ಹೊರಬಂದವು. ಸತ್ತವರಲ್ಲಿ ಒಬ್ಬರು ಚರ್ಚಿನ ಪಾದ್ರಿ ಕ್ಲೆಮೆಂಟಾ ಪಿಂಕ್ನಿ, ಆ ರಾಜ್ಯದ ಸೆನೆಟರ್ ಕೂಡ. ಶೋಕಾಚರಣೆಗೆ ರಾಷ್ಟ್ರಧ್ವಜ, ರಾಜ್ಯಧ್ವಜ ಎರಡೂ ಅರ್ಧಕ್ಕೆ ಇಳಿದವು. ಕಾನ್‌ಫೆಡರೇಟ್ ಬಾವುಟ ಮಾತ್ರ ಇಳಿಯಲಿಲ್ಲ, ಅದನ್ನು ಮುಟ್ಟೋಕೆ ಶಾಸನಸಭೆಯ ಒಪ್ಪಿಗೆಯೇ ಬೇಕು ಅಂತ ಕಾನೂನಿತ್ತು. ಪಿಂಕ್ನಿ ಅವರ ಶವಪೆಟ್ಟಿಗೆ ಆ ಬಾವುಟದ ಎದುರಿಂದಲೇ ಸಭಾಭವನಕ್ಕೆ ಹೋಯಿತು.

ಆಗ ಗವರ್ನರ್ ಆಗಿದ್ದವರು ಪಂಜಾಬಿನಿಂದ ಹೋಗಿ ನೆಲೆಸಿದ ಸಿಖ್ ದಂಪತಿಯ ಮಗಳು ನಿಕ್ಕಿ ಹೇಲಿ. ಅಲ್ಲಿವರೆಗೆ ಬಾವುಟದ ತಂಟೆಗೆ ಹೋಗದಿದ್ದ ಅವರು ಈಗ ಇಳಿಸಲೇಬೇಕು ಅಂದರು. ಜುಲೈ 10ರಂದು ಅದು ಶಾಶ್ವತವಾಗಿ ಇಳಿಯಿತು.

ಎದುರು ವಾದವೂ ಇದೆ

ತೆಗೆಯಬಾರದು ಅನ್ನೋರೆಲ್ಲ ದ್ವೇಷದವರಲ್ಲ. 'ನಮ್ಮ ಮುತ್ತಜ್ಜನ ಹತ್ರ ಗುಲಾಮರಿರಲಿಲ್ಲ, ಬಡ ರೈತ, ಕರೆದರು ಅಂತ ಹೋಗಿ ಸತ್ತ' ಅನ್ನುವ ಮನೆತನಗಳಿವೆ. 'ಇವತ್ತು ಲೀ, ನಾಳೆ ವಾಷಿಂಗ್ಟನ್. ಅವರೂ ಗುಲಾಮರನ್ನಿಟ್ಟುಕೊಂಡಿದ್ದರಲ್ಲ?' ಅನ್ನೋದು ಇನ್ನೊಂದು ಪ್ರಶ್ನೆ. ಗುಂಪು ಸೇರಿ ಹಗ್ಗ ಕಟ್ಟಿ ಉರುಳಿಸೋದು ಯಾವ ನ್ಯಾಯ ಅನ್ನೋದು ಮತ್ತೊಂದು.

ಮೂರಕ್ಕೂ ಉತ್ತರ ಇದೆ. ಮುತ್ತಜ್ಜನ ಸಮಾಧಿಯನ್ನು ಮುಟ್ಟುವ ಮಾತಲ್ಲ ಇದು, ಕೋರ್ಟ್ ಅಂಗಳದ ಮಾತು. ವಾಷಿಂಗ್ಟನ್ ಅವರನ್ನು ನೆನೆಯೋದು ದೇಶ ಕಟ್ಟಿದ್ದಕ್ಕೆ, ಗುಲಾಮರನ್ನಿಟ್ಟುಕೊಂಡಿದ್ದಕ್ಕಲ್ಲ. ಲೀ ಕುದುರೆ ಮೇಲೆ ಕೂತಿರೋದು ಆ ಯುದ್ಧ ಮಾಡಿದ್ದಕ್ಕೇ. ಇನ್ನು ಗುಂಪು ಉರುಳಿಸೋದು ಸರಿಯಲ್ಲ ಅನ್ನೋದು ಒಪ್ಪುವ ಮಾತೇ. ಹಾಗಂದಮೇಲೆ ಊರಿನವರಿಗೆ ಕಾನೂನಿನ ದಾರಿ ತೆರೆದಿರಬೇಕಲ್ಲ? ಅಲಬಾಮಾ 2017ರಲ್ಲಿ ಆ ದಾರಿಗೇ ಬೀಗ ಹಾಕಿತು. 40 ವರ್ಷ ದಾಟಿದ ಸ್ಮಾರಕ ತೆಗೆದರೆ 25,000 ಡಾಲರ್ ದಂಡ. ಕಪ್ಪು ಜನರೇ ಹೆಚ್ಚಿರುವ ಬರ್ಮಿಂಗ್‌ಹ್ಯಾಮ್ ನಗರ 2020ರಲ್ಲಿ ದಂಡ ಬಂದರೆ ಬರಲಿ ಅಂತ ತನ್ನ ಪಾರ್ಕಿನ ಸ್ಮಾರಕ ತೆಗೆಸಿತು.

ರಿಚ್ಮಂಡ್‌ನ 131 ವರ್ಷ

ಕಾನ್‌ಫೆಡರಸಿಯ ರಾಜಧಾನಿಯಾಗಿದ್ದ ರಿಚ್ಮಂಡ್‌ನಲ್ಲಿ ಲೀ ಪ್ರತಿಮೆ ಎದ್ದದ್ದು 1890ರಲ್ಲಿ. ಅಲ್ಲಿನ ಕಪ್ಪು ಪತ್ರಿಕಾ ಸಂಪಾದಕ ಜಾನ್ ಮಿಚೆಲ್ ಆಗಲೇ ವಿರೋಧಿಸಿದ್ದರು. ಇದನ್ನು ನಿಲ್ಲಿಸೋಕೆ ದುಡಿದದ್ದು ಕಪ್ಪು ಜನ, ಕಾಲ ಬಂದರೆ ಇಳಿಸೋಕೂ ಅವರೇ ಇರುತ್ತಾರೆ ಅಂತ ಬರೆದರು. ವಿರೋಧ ಇತ್ತೀಚಿನ ಫ್ಯಾಷನ್ ಅನ್ನೋರಿಗೆ ಈ ಒಂದು ಸಂಗತಿ ಸಾಕು.

2021ರ ಸೆಪ್ಟೆಂಬರ್ 8ರಂದು ಪ್ರತಿಮೆ ಇಳಿಯಿತು. ಬೇರೆ ಗುತ್ತಿಗೆದಾರರು ಹಿಂದೆ ಸರಿದಿದ್ದ ಈ ಕೆಲಸ ಮಾಡಿದ್ದು ಒಬ್ಬ ಕಪ್ಪುವರ್ಣೀಯ ಗುತ್ತಿಗೆದಾರ. ಬೆದರಿಕೆ ಬರುತ್ತಿದ್ದರಿಂದ ಅವರು ಗುಂಡು ನಿರೋಧಕ ಕವಚ ತೊಟ್ಟು ಕೆಲಸಕ್ಕಿಳಿಯಬೇಕಾಯಿತು. ರಿಚ್ಮಂಡ್‌ನ ಈ ಪ್ರತಿಮೆಗಳು ಈಗ ಅಲ್ಲಿನ ಕಪ್ಪು ಜನರ ಇತಿಹಾಸದ ಮ್ಯೂಸಿಯಂಗೆ ಸೇರಿವೆ. 2020ರಲ್ಲಿ ಉರುಳಿದ್ದ ಡೇವಿಸ್ ಪ್ರತಿಮೆಯನ್ನು ಮೈಮೇಲಿನ ಬಣ್ಣದ ಕಲೆ ಸಮೇತ ನಗರದ ಇನ್ನೊಂದು ಮ್ಯೂಸಿಯಂನಲ್ಲಿ ಮಲಗಿಸಿ ತೋರಿಸಿದರು. ಇತಿಹಾಸ ಅಳಿಸಿಹೋಗಲಿಲ್ಲ. 1890ರ ಜತೆಗೆ 2020ರ ಇತಿಹಾಸವೂ ಸೇರಿಕೊಂಡಿತು.

ಹಾಗಂತ ಜಗಳ ಮುಗಿದಿಲ್ಲ. 2023ರಲ್ಲಿ ಫೋರ್ಟ್ ಲಿಬರ್ಟಿ ಆಗಿದ್ದ ಸೇನಾನೆಲೆ 2025ರಲ್ಲಿ ಮತ್ತೆ ಫೋರ್ಟ್ ಬ್ರ್ಯಾಗ್ ಆಯಿತು. ಕಾನ್‌ಫೆಡರೇಟ್ ಹೆಸರಿಡಬಾರದು ಅಂತ ಕಾನೂನು ಇರೋದರಿಂದ, ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಅದೇ ಅಡ್ಡಹೆಸರಿನ ಬೇರೊಬ್ಬ ಸೈನಿಕನನ್ನು ಹುಡುಕಿ ಅವರ ಹೆಸರು ಅಂದರು. 2020ರಲ್ಲಿ ಉರುಳಿಸಿದ್ದ ಆಲ್ಬರ್ಟ್ ಪೈಕ್ ಪ್ರತಿಮೆ 2025ರ ಅಕ್ಟೋಬರ್‌ನಲ್ಲಿ ರಾಜಧಾನಿ ವಾಷಿಂಗ್ಟನ್‌ನಲ್ಲಿ ಮತ್ತೆ ಎದ್ದು ನಿಂತಿತು. ಸ್ಟೋನ್ ಮೌಂಟನ್ ಕೆತ್ತನೆಗಂತೂ ಜಾರ್ಜಿಯಾದ ಕಾನೂನೇ ಕಾವಲಿದೆ.

ಅಟ್ಲಾಂಟಾ, ರಾಲಿ, ರಿಚ್ಮಂಡ್ ಕಡೆ ಕೆಲಸಕ್ಕೆ ಹೋದ ನಮ್ಮವರು 'ಇದು ಅವರವರ ಜಗಳ, ನಮಗ್ಯಾಕೆ' ಅಂದುಕೊಳ್ಳಬಹುದು. ಆದರೆ ಮಕ್ಕಳು ಓದೋದು ಅಲ್ಲಿನ ಶಾಲೆಯಲ್ಲಿ, ತೆರಿಗೆ ಕಟ್ಟೋದು ಅಲ್ಲಿನ ಸರ್ಕಾರಕ್ಕೆ, ಪೌರತ್ವ ಸಿಕ್ಕವರು ವೋಟು ಹಾಕೋದೂ ಅಲ್ಲೇ. ಯಾರ ಪ್ರತಿಮೆ ಎಲ್ಲಿರಬೇಕು ಅನ್ನೋ ಪ್ರಶ್ನೆ ಅವರ ಊರಿನ ಕೌನ್ಸಿಲ್‌ಗೂ ಬರಬಹುದು. ಮಗಳು ಬಂಡೆ ಕಡೆ ಕೈ ತೋರಿಸಿ 'ಯಾರಪ್ಪಾ ಇವರು?' ಅಂದರೆ ಮೂರು ಹೆಸರು ಹೇಳಿ ಸುಮ್ಮನಾಗಬೇಡಿ. ಯಾವಾಗ ಕೆತ್ತಿದ್ದು, ಯಾರು ದುಡ್ಡು ಕೊಟ್ಟಿದ್ದು, ಆಗ ಯಾರಿಗೆ ವೋಟು ಇರಲಿಲ್ಲ ಅನ್ನೋದನ್ನೂ ಹೇಳಿ.