ಚಕ್ರ ಗೀಚುತ್ತದೆ, ನೀರು ಕೊರೆಯುತ್ತದೆ: ಮಲೆನಾಡಿನ ಬೆಟ್ಟದ ದಾರಿಗಳ ಸವೆತ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳನ್ನು ಹಾದು, ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕುವ ಮೊದಲು ಅದನ್ನು ಕೂಡಿಕೊಳ್ಳುವ ಹಳ್ಳಗಳು ಆಷಾಢದಲ್ಲಿ ಕೆಂಪಾಗಿ ಹರಿಯುವುದಕ್ಕೆ ಹಲವು ಕಾರಣಗಳಿವೆ. ಬೆಟ್ಟದ ಮೇಲಿನ ಕಾಲುದಾರಿ ಮತ್ತು ಜೀಪು ದಾರಿಗಳ ಸವೆತ ಅವುಗಳಲ್ಲೊಂದಾಗಿದ್ದರೂ, ಅಣೆಕಟ್ಟು, ಹೆದ್ದಾರಿ ಮತ್ತು ಗುಡ್ಡ ಕುಸಿತಗಳ ಬಗ್ಗೆ ನಡೆದಷ್ಟು ಚರ್ಚೆ ಈ ಸವೆತದ ಬಗ್ಗೆ ನಡೆದಿಲ್ಲ. ಚಾರಣಿಗರ ಜೊತೆಗೆ ಬೆಟ್ಟದ ಸೈಕಲ್ಲುಗಳೂ, ಅಂದರೆ ದಪ್ಪ ಟೈರು, ಗೇರು ಮತ್ತು ಬಲವಾದ ಬ್ರೇಕುಗಳಿರುವ ಎಂಜಿನ್ ರಹಿತ ಮೌಂಟನ್ ಬೈಕುಗಳೂ, ಪಶ್ಚಿಮಘಟ್ಟದ ಕಡೆಗೆ ಮುಖ ಮಾಡಿರುವಾಗ ದಾರಿಯನ್ನು ಹಾಳುಗೆಡವುವವರು ಯಾರು ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಆ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಅಷ್ಟೇನೂ ಸರಿಯಾದುದಲ್ಲ.

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯ ಗುಡ್ಡಗಳಲ್ಲಿ ಹಳೆಯ ಸೈಕಲ್ಲುಗಳನ್ನು ಇಳಿಜಾರಿನಲ್ಲಿ ಓಡಿಸುತ್ತಿದ್ದ ಯುವಕರಿಂದ ಈ ಕ್ರೀಡೆ ರೂಪುಗೊಂಡಂದಿನಿಂದಲೂ ನಡೆಯುವವರಿಗೂ ಸವಾರರಿಗೂ ಜಗಳ ತಪ್ಪಿದ್ದಲ್ಲ. ಜಾನ್ ವಿಲ್ಸನ್ ಮತ್ತು ಜೋಸೆಫ್ ಸೀನಿ ಎಂಬ ಸಂಶೋಧಕರು ಮೊಂಟಾನಾ ರಾಜ್ಯದ ಬೆಟ್ಟದ ದಾರಿಗಳಲ್ಲಿ ಕೃತಕ ಮಳೆ ಸುರಿಸಿ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನವು, ಕೊಚ್ಚಿಹೋಗಲು ಸಿದ್ಧವಾದ ಸಡಿಲ ಮಣ್ಣನ್ನು ಚಕ್ರಗಳಿಗಿಂತ ಗೊರಸು ಮತ್ತು ಪಾದಗಳೇ ಹೆಚ್ಚಾಗಿ ಎಬ್ಬಿಸುತ್ತವೆ ಎಂದು ಕಂಡುಕೊಂಡಿತು. ಕೆನಡಾದ ಒಂಟಾರಿಯೊದಲ್ಲಿ ನಡೆದು 2001ರಲ್ಲಿ ಹೊರಬಂದ ಇನ್ನೊಂದು ಅಧ್ಯಯನಕ್ಕೆ ಚಾರಣಿಗರ ಮತ್ತು ಸೈಕಲ್ಲುಗಳ ಪರಿಣಾಮದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಸೈಕಲ್ಲು ನಿರಪರಾಧಿ ಎಂದಾಗುವುದಿಲ್ಲ, ಏಕೆಂದರೆ ಒದ್ದೆ ಇಳಿಜಾರಿನಲ್ಲಿ ಬ್ರೇಕು ಹಿಡಿದು ಜಾರುವ ಚಕ್ರವು ಹೆಜ್ಜೆಯಂತೆ ಬಿಡಿಬಿಡಿ ಗುಳಿಗಳನ್ನಲ್ಲ, ಮೇಲಿನಿಂದ ಕೆಳಗಿನವರೆಗೆ ಎಲ್ಲೂ ಕಡಿಯದ ಗೀರನ್ನು ಎಳೆಯುತ್ತದೆ. ಮುಂದಿನ ಮಳೆಗೆ ಆ ಗೀರೇ ಕಾಲುವೆಯಾಗುತ್ತದೆ.

ಆ ಅಧ್ಯಯನಗಳ ನಾಡುಗಳಿಗೂ ಮಲೆನಾಡಿಗೂ ಇರುವ ಅಂತರವನ್ನು ಮರೆಯುವಂತಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲು ಕೆಲವು ವರ್ಷ ಅದನ್ನೂ ಮೀರಿಸುತ್ತದೆ, ಮತ್ತು ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಇನ್ನು ಮಣ್ಣಿನ ಮಾತು. ಇಲ್ಲಿನ ಹಲವು ಗುಡ್ಡಗಳ ಮೇಲ್ಪದರವು ಕಬ್ಬಿಣ ಮತ್ತು ಅಲ್ಯುಮಿನಿಯಂನ ಆಕ್ಸೈಡುಗಳಿಂದ ಗಟ್ಟಿಯಾದ ಜಂಬಿಟ್ಟಿಗೆ, ಅದರ ಕೆಳಗಿರುವುದು ಶೇಡಿ ಎಂದು ಕರೆಯುವ ನುಣುಪಾದ ಜೇಡಿಪದರ. ಜಂಬಿಟ್ಟಿಗೆಯ ಹೊದಿಕೆ ಇರುವವರೆಗೆ ದಾರಿ ತಡೆಯುತ್ತದೆ. ಅದು ಒಂದು ಕಡೆ ಒಡೆದು ನೀರು ಶೇಡಿಗೆ ಇಳಿಯಿತೆಂದರೆ ಕೊರಕಲು ಅಡಿಯಿಂದಲೂ ಪಕ್ಕದಿಂದಲೂ ಬೆಳೆದು, ದರೆಯೇ ಜರಿಯತೊಡಗುತ್ತದೆ.

ಹರಿವಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕವು ಎರಡಲ್ಲ, ನಾಲ್ಕಲ್ಲ, 64 ಪಟ್ಟಾಗುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದಿಂದಲೂ ತಿಳಿದಿರುವ ಲೆಕ್ಕ. ಬೆಟ್ಟದ ದಾರಿಯ ವಿದ್ಯೆಯೆಲ್ಲವೂ, ಹಾಗಾಗಿ, ನೀರು ದಾರಿಯ ಮೇಲೆ ಓಡಿ ವೇಗ ಪಡೆಯುವ ಮೊದಲೇ ಅದನ್ನು ಪಕ್ಕಕ್ಕೆ ಕಳಿಸುವುದರಲ್ಲಿದೆ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು, ಸರಾಸರಿ ಏರು ಶೇ 10ರ ಆಸುಪಾಸಿನಲ್ಲಿರಬೇಕು, ದಾರಿಯ ಮೈ ಕಣಿವೆಯ ಕಡೆಗೆ ತುಸು ವಾಲಿರಬೇಕು ಮತ್ತು ಏರುತ್ತಿರುವ ದಾರಿ ನಡುನಡುವೆ ಕೊಂಚ ಇಳಿದು ಮತ್ತೆ ಏರಬೇಕು ಎಂಬುದು ಇಂದಿನ ಸೈಕಲ್ ದಾರಿಗಳನ್ನು ರೂಪಿಸುವವರ ಸಾಮಾನ್ಯ ಸೂತ್ರ. ನೆತ್ತಿಯಿಂದ ನೇರವಾಗಿ ಬುಡಕ್ಕೆ ಇಳಿಯುವ ದಾರಿಯನ್ನು, ಅದು ಎಷ್ಟೇ ಹತ್ತಿರದ್ದಾಗಿರಲಿ, ಮೊದಲ ಮಳೆಗಾಲದಲ್ಲೇ ನೀರು ತನ್ನದಾಗಿಸಿಕೊಳ್ಳುತ್ತದೆ.

ಹೊಸನಗರ ತಾಲ್ಲೂಕಿನ ಕೊಡಚಾದ್ರಿಯಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. 1,343 ಮೀಟರ್ ಎತ್ತರದ ಈ ಬೆಟ್ಟವು ಮೂಕಾಂಬಿಕಾ ವನ್ಯಜೀವಿ ಧಾಮದ ನೆರೆಯಲ್ಲಿದ್ದು, ಕಟ್ಟಿನಹೊಳೆಯ ಕಡೆಯಿಂದ ಮೇಲೇರುವ ಜೀಪು ದಾರಿಯು ತನ್ನ ಗುಂಡಿಗಳಿಂದಲೇ ಪ್ರಸಿದ್ಧವಾಗಿದೆ. ಪ್ರವಾಸಿಗರು ಅದನ್ನು ಸಾಹಸವೆಂದು ಬಣ್ಣಿಸುವುದುಂಟು, ಆದರೆ ಆ ಗುಂಡಿಗಳಲ್ಲಿದ್ದ ಮಣ್ಣು ಎಲ್ಲಿಗೆ ಹೋಯಿತೆಂದು ಕೇಳುವವರು ಕಡಿಮೆ. ಜೀಪು ನಿಲ್ಲುವ ಜಾಗದಿಂದ ಬೆಟ್ಟದ ನೆತ್ತಿಯ ಸರ್ವಜ್ಞಪೀಠದವರೆಗಿನ ಕಾಲುದಾರಿಯದು ಬೇರೆಯೇ ಬಗೆಯ ಕಷ್ಟ. ಅಲ್ಲಿ ಶೋಲಾ, ಅಂದರೆ ಕಣಿವೆಯ ಮಡಿಲಲ್ಲಿ ಒತ್ತಾಗಿ ಬೆಳೆದ ಗಿಡ್ಡಮರಗಳ ಕಾಡು, ಮತ್ತು ಅದನ್ನು ಸುತ್ತುವರಿದ ಹುಲ್ಲುಗಾವಲು ಇವೆ. ತೆಳುಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು ಮಾತ್ರ. ದಾರಿ ತಗ್ಗಾಗಿ ಕೆಸರು ನಿಂತಾಗ ನಡೆಯುವವರು ಪಕ್ಕದ ಹುಲ್ಲಿಗೆ ಕಾಲಿಡುತ್ತಾರೆ, ಹುಲ್ಲು ಸತ್ತು ಅಲ್ಲೂ ತಗ್ಗು ಬೀಳುತ್ತದೆ, ಮೂರನೆಯ ಜಾಡು ಅದರಾಚೆ ಮೂಡುತ್ತದೆ. ಒಬ್ಬರಿಗೆ ಸಾಕಾಗುವಷ್ಟೇ ಅಗಲವಿದ್ದ ದಾರಿ ಹೀಗೆ ಹಲವು ಎಳೆಗಳಾಗಿ ಹರಡುತ್ತದೆ, ಪ್ರತಿ ಎಳೆಯೂ ಮಳೆಗಾಲದ ತೊರೆಯಾಗುತ್ತದೆ.

ಇದೇ ಸೀಮೆಯಲ್ಲಿ ಇದಕ್ಕೆ ಹಳೆಯ ಉತ್ತರವೊಂದಿದೆ. ಕೆಳದಿ ಅರಸರ ಕಾಲದಲ್ಲಿ ಮೆಣಸು, ಅಡಕೆ, ಅಕ್ಕಿಗಳನ್ನು ಹೇರೆತ್ತುಗಳ ಮೇಲೆ ಘಟ್ಟ ಇಳಿಸಿ ಕರಾವಳಿಗೆ ಸಾಗಿಸಬೇಕಿತ್ತು. 1763ರಲ್ಲಿ ಅವರ ರಾಜಧಾನಿ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟ ಹೈದರಾಲಿಗೂ ಹೊಸಂಗಡಿ ಘಟ್ಟದ ದಾರಿ ಬೇಕಾಗಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿ ಗದ್ದೆ ದಾಟಿ ಬಾಗಿಲಿನಿಂದ ಬಾಗಿಲಿಗೆ ಏರುವ ಕಲ್ಲುಹಾಸಿನ ದಾರಿ ಶತಮಾನಗಳ ಮಳೆಯನ್ನು ತಡೆದು ಇಂದಿಗೂ ಉಳಿದಿದೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳಲ್ಲಿ ಸವೆದ ದಾರಿಗಳನ್ನು ದುರಸ್ತಿ ಮಾಡುವವರೂ ಹೇರುಕುದುರೆಗಳ ಕಾಲದ ಇಂಥದೇ ಕಲ್ಲುಕೆಲಸಕ್ಕೆ ಮರಳಿದ್ದಾರೆ: ಬುಡದಿಂದ ಆರಂಭಿಸಿ, ಒಂದೊಂದು ಕಲ್ಲನ್ನೂ ಮಲಗಿಸದೆ ನಿಲ್ಲಿಸಿ, ಅದರ ಬಹುಭಾಗ ನೆಲದೊಳಗೆ ಹೋಗುವಂತೆ ಹೂತು, ಮೇಲಿನ ಕಲ್ಲು ಕೆಳಗಿನದಕ್ಕೆ ಒತ್ತುವಂತೆ ಕೂರಿಸಿ, ಸಂದುಗಳಿಗೆ ಚೂರುಕಲ್ಲು ಜಡಿಯುತ್ತಾರೆ. ಆ ಬೆಟ್ಟಗಳ ಅತಿ ಹೆಚ್ಚು ಮಳೆಯ ಊರಾದ ಸೀತ್‌ವೇಟಿನಲ್ಲಿ ಬೀಳುವುದು ಆಗುಂಬೆಯ ಮಳೆಯ ಸುಮಾರು ಅರ್ಧ, ಅದೂ ವರ್ಷವಿಡೀ ಹಂಚಿಕೊಂಡು.

ಕಲ್ಲು ಕೂರಿಸುವುದೂ ಎರಡನೆಯ ಕೆಲಸವೇ. ದಾರಿಗೆ ಓರೆಯಾಗಿ ಕಲ್ಲು ಅಥವಾ ದಿಮ್ಮಿ ಹೂತು, ನೀರನ್ನು ಹುಲ್ಲಿನೊಳಕ್ಕೆ ತಿರುಗಿಸುವ ಅಡ್ಡಚರಂಡಿ ಮೊದಲನೆಯದು. ಅದಿಲ್ಲದೆ ಗುಂಡಿಗೆ ಮಣ್ಣು, ಜಲ್ಲಿ ಸುರಿಯುವ ವಾಡಿಕೆಯ ದುರಸ್ತಿಯು ಹೊಳೆಗೆ ಇನ್ನಷ್ಟು ಮಣ್ಣು ಒದಗಿಸುವುದರಲ್ಲಿ ಮುಗಿಯುತ್ತದೆ. ಕಾಂಕ್ರೀಟು ಹಾಕಿದರೆ ನೀರಿನ ವೇಗ ಹೆಚ್ಚಿ, ಕಾಂಕ್ರೀಟು ಮುಗಿಯುವಲ್ಲಿ ಹೊಸ ಕೊರಕಲು ಏಳುತ್ತದೆ. ಅಡ್ಡಚರಂಡಿಯಾದರೂ ತರಗೆಲೆ, ನೊರಜು ತುಂಬಿಕೊಂಡರೆ ಒಂದೇ ಜಡಿಮಳೆಗೆ ನಿರುಪಯೋಗಿ. ಅಡಕೆ ತೋಟದ ಬಸಿಗಾಲುವೆಗಳನ್ನು ಮಳೆ ಹಿಡಿಯುವ ಮೊದಲು ಬಿಡಿಸಿಕೊಳ್ಳುವ ಕೆಲಸ ಇಲ್ಲಿನ ಕೃಷಿಕರಿಗೆ ಯಾರೂ ಹೇಳಿಕೊಡಬೇಕಾದುದಲ್ಲ. ಆದ್ದರಿಂದ ದಾರಿ ನೋಡಿಕೊಳ್ಳುವ ವಾರ್ಷಿಕ ಕೂಲಿಕೆಲಸವನ್ನು ದೂರದ ಗುತ್ತಿಗೆದಾರರಿಗಿಂತ ಬೆಟ್ಟದ ಬುಡದ ಗ್ರಾಮ ಅರಣ್ಯ ಸಮಿತಿಗಳಿಗೆ ವಹಿಸುವುದು ಮೇಲು.

ಸೈಕಲ್ಲಿಗೆ ಸಂಬಂಧಿಸಿದಂತೆ ಬೇಕಾದದ್ದು ಜಾಗ ಮತ್ತು ಕಾಲದ ವಿವೇಚನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಭಯಾರಣ್ಯದೊಳಗೆ ಹೋಗಲು ಅನುಮತಿ ಅಗತ್ಯವಿರುವುದರಿಂದ ಅಲ್ಲಿನ ಕಾಲುದಾರಿಗಳು ಸವಾರರಿಗೆ ತಾವಾಗಿ ತೆರೆದಿರುವುದಿಲ್ಲ. ಹೊರಗಿನ ಬಂಡಿದಾರಿಗಳಲ್ಲಿಯೂ ಮಣ್ಣು ಒಣಗಿ ಗಟ್ಟಿಯಾಗುವ ಡಿಸೆಂಬರ್‌ನಿಂದ ಮೊದಲ ಬೇಸಿಗೆ ಮಳೆಯವರೆಗಿನ ಸವಾರಿಯಿಂದ ಆಗುವ ಹಾನಿ ಅಲ್ಪ. ಮಳೆಗಾಲದ ಕೆಸರು ಸವಾರಿಯೇ ಜಾಹೀರಾತುಗಳಲ್ಲಿ ಚೆಂದ ಕಾಣುತ್ತದೆ ಎಂಬುದು ಇದಕ್ಕಿರುವ ದೊಡ್ಡ ಅಡ್ಡಿ.

ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ಹಾಕುವ ಪ್ರಸ್ತಾವವು ಕೆಲವು ವರ್ಷಗಳಿಂದ ಚರ್ಚೆಯಲ್ಲಿದೆ. ಅದು ಕೈಗೂಡಿದರೆ ಜೀಪು ದಾರಿಯ ಭಾರ ಇಳಿಯಬಹುದು, ಆದರೆ ಈಗ ಬೆಟ್ಟ ಹತ್ತಲಾಗದವರೂ ಮೇಲೆ ಬಂದಿಳಿಯುವುದರಿಂದ ಸರ್ವಜ್ಞಪೀಠದ ದಾರಿಯ ಹುಲ್ಲಿನ ಮೇಲೆ ಬೀಳುವ ಹೆಜ್ಜೆಗಳು ಹೆಚ್ಚುತ್ತವೆ. ಆ ದಾರಿಗೆ ಕಲ್ಲುಹಾಸು ಮತ್ತು ಅಡ್ಡಚರಂಡಿಗಳ ಖರ್ಚನ್ನು ಯೋಜನೆಯ ಅಂದಾಜುಪಟ್ಟಿಯಲ್ಲೇ ಸೇರಿಸಬೇಕಾಗುತ್ತದೆ.