ಅಂಚಿನ ಊರಿಗೆ ನಡುವಿನ ಹೆಸರು

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹುಟ್ಟಿದ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರಕ್ಕೆ ನಗರದ ಪೂರ್ವದಂಚಿನ ವೈಟ್‌ಫೀಲ್ಡ್ ಸೇರಿತು. ಅಂಚು ಕೇಂದ್ರವಾದುದು ಹೇಗೆಂದು ವಾಚಕರು ನಕ್ಕರೆ ನಾವು ತಪ್ಪೆಣಿಸೆವು. ಹೆಸರಿನ ಮಾತು ಹಾಗಿರಲಿ. ಗೆರೆಯನ್ನೆಳೆದುದು 2001ರ ಜನಗಣತಿಯ ಆಧಾರದ ಮೇಲೆ. ತರುವಾಯ ಉದ್ಯೋಗವನ್ನರಸಿ ಜನರು ತಂಡೋಪತಂಡವಾಗಿ ಬಂದು ನೆಲಸಿದರು. ವೈಟ್‌ಫೀಲ್ಡನ್ನೊಳಗೊಂಡ ಮಹದೇವಪುರ ವಿಧಾನಸಭಾ ಕ್ಷೇತ್ರದಲ್ಲಿ 2024ರಲ್ಲಿ ಮತದಾರರು ಆರು ಲಕ್ಷವನ್ನು ಮೀರಿದ್ದರು. ಅದೇ ಲೋಕಸಭಾ ಕ್ಷೇತ್ರದ ಶಿವಾಜಿನಗರದಲ್ಲಿ ಸುಮಾರು ಎರಡೇ ಲಕ್ಷ. ಎರಡಕ್ಕೂ ಶಾಸಕರು ಒಬ್ಬೊಬ್ಬರೇ! ಶಿವಾಜಿನಗರದ ಒಂದು ಮತಕ್ಕೆ ವೈಟ್‌ಫೀಲ್ಡಿನ ಮೂರು ಮತಗಳು ಸಮನೆಂದಾಯಿತು. ಇದನ್ನು ಸಮಾನ ಪ್ರಾತಿನಿಧ್ಯವೆನ್ನಲು ನಮಗೆ ನಾಲಗೆ ಬಾರದು. ಮುಂದಿನ ವಿಂಗಡಣೆಗೆ ಆಧಾರವಾಗುವ ಜನಗಣತಿಯಲ್ಲಿ ಅಲ್ಲಿನ ಬಾಡಿಗೆ ಕೋಣೆಯ ಗುಮಾಸ್ತನೂ ಷೆಡ್ಡಿನ ಕೂಲಿಕಾರನೂ ಲೆಕ್ಕಕ್ಕೆ ತಪ್ಪದಂತೆ ಅಧಿಕಾರಿಗಳು ನೋಡಿಕೊಳ್ಳಲೇಬೇಕು.