ಕೇಳುವ ಮೊದಲು ನೋಡು: ಕಡತ ಓದುವಾಗ ಕರೆ ಉಳಿಸುವ ಬಗೆ

ಪ್ರೋಗ್ರಾಂ ಒಂದು ಕಡತವನ್ನು ಓದಲು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಂನ ಕರ್ನಲ್‌ಗೆ ಕರೆ ಕೊಡುತ್ತದೆ. ಪ್ರತಿ ಕರೆಗೂ ಪ್ರೊಸೆಸರ್ ಕರ್ನಲ್ ಸ್ಥಿತಿಗೆ ಹೋಗಿ ಮರಳಬೇಕು. ಕರೆಗಳು ಸಾವಿರಾರು ಆದಾಗ ಈ ಓಡಾಟವೇ ಹೊರೆಯಾಗುತ್ತದೆ.

2019ರಲ್ಲಿ ಲಿನಕ್ಸ್ 5.1ರೊಂದಿಗೆ ಬಂದ 'ಐಒ ಯುರಿಂಗ್' ಈ ಹೊರೆಯನ್ನು ತಗ್ಗಿಸುತ್ತದೆ. ಬೋಧನಾಭ್ಯಾಸದಲ್ಲಿ ನಾನು ಇದನ್ನು ನೋಟ್‌ಬುಕ್ ತಿದ್ದುವ ಉದಾಹರಣೆಯಿಂದ ವಿವರಿಸಿದೆ. ಮೇಜಿನ ಮೇಲೆ ತಿದ್ದಬೇಕಾದವುಗಳ ಕಟ್ಟು ಒಂದು, ತಿದ್ದಿದವುಗಳ ಕಟ್ಟು ಇನ್ನೊಂದು. ನೋಟ್‌ಬುಕ್ ಇಟ್ಟ ವಿದ್ಯಾರ್ಥಿ ಬೇರೆ ಕೆಲಸ ಮಾಡಿಕೊಳ್ಳಬಹುದು; "ಆಯ್ತಾ ಮಿಸ್?" ಎಂದು ಕೇಳದೆ ಎರಡನೇ ಕಟ್ಟು ನೋಡಿದರೆ ಸಾಕು.

ಹಾಗೆಯೇ ಪ್ರೋಗ್ರಾಂ ಮತ್ತು ಕರ್ನಲ್ ಎರಡಕ್ಕೂ ಕಾಣುವ ಮೆಮೊರಿಯಲ್ಲಿ ಕೋರಿಕೆಗಳ ಸಾಲು, ಮುಗಿದವುಗಳ ಸಾಲು ಇರುತ್ತವೆ. ಹತ್ತು ಕೋರಿಕೆಗಳನ್ನು ಒಂದೇ ಕರೆಯಲ್ಲಿ ಸಲ್ಲಿಸಬಹುದು. ಫಲಿತಾಂಶ ಬಂದಿದ್ದರೆ ಕರೆಯಿಲ್ಲದೆಯೇ ಎತ್ತಿಕೊಳ್ಳಬಹುದು. ಕೊಟ್ಟ ಕ್ರಮದಲ್ಲೇ ಅವು ಮುಗಿಯಬೇಕೆಂದಿಲ್ಲ. ಆದ್ದರಿಂದ ನೋಟ್‌ಬುಕ್ ಮೇಲಿನ ಹಾಜರಿ ಸಂಖ್ಯೆಯಂತೆ ಪ್ರತಿ ಕೋರಿಕೆಗೂ ಒಂದು ಗುರುತು ಹಚ್ಚುತ್ತಾರೆ.

"ಹಾಗಾದ್ರೆ ಕರೆಯೇ ಬೇಡ್ವಾ ಮಿಸ್?" ಎಂದು ಒಬ್ಬಳು ಕೇಳಿದಳು. ಪಾಠದ ತಿರುಳು ಅಲ್ಲಿತ್ತು. ಸಾಲು ಖಾಲಿಯಿದ್ದು, ಬೇರೆ ಕೆಲಸವೂ ಇಲ್ಲದಿದ್ದರೆ ಕರೆ ಬೇಕು: ಕರ್ನಲ್ ಪ್ರೋಗ್ರಾಂ ಅನ್ನು ಮಲಗಿಸಿ, ಫಲಿತಾಂಶ ಬಂದಾಗ ಎಬ್ಬಿಸುತ್ತದೆ. ಸುಮ್ಮನೆ ಇಣುಕುತ್ತಲೇ ಇದ್ದರೆ ಪ್ರೊಸೆಸರ್ ದುಡಿದೂ ಫಲವಿಲ್ಲ. ಉತ್ತರ ಕಣ್ಣೆದುರೇ ಇರುವಾಗ ಮಾಡುವ ಕರೆ ಮಾತ್ರ ಅನಗತ್ಯ. ಈ ವ್ಯತ್ಯಾಸವನ್ನು ಮಕ್ಕಳೇ ಹೇಳುವಂತಾದರೆ ಪಾಠ ತಲುಪಿದೆ ಎಂದು ತಿಳಿಯಬಹುದು.